ಗುಡ್ಡ ಜರುಗೋದು ಮೇಲಿಂದ ಕಾಣ್ತದಾ?

ಪ್ರಶ್ನೆ: ಕೊಡಗಿನ ಮಕ್ಕಂದೂರು ಹತ್ರ ನಮ್ದು ಕಾಫಿ ತೋಟ ಸರ್. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಜರಿದಾಗ ಹೆಂಗೋ ಉಳ್ಕೊಂಡ್ವಿ. ಈಗ ಮನೆ ಮೇಲ್ಗಡೆ ಬರೆಯಲ್ಲಿ (ಇಳಿಜಾರಿನಲ್ಲಿ) ಒಂದು ಬಿರುಕು ಬಿಟ್ಟಿದೆ, ಕಳೆದ ಮಳೆಗಾಲದಿಂದ ಅಗಲ ಆಗ್ತಾ ಉಂಟು. ಗುಡ್ಡ ಎಷ್ಟು ಮಿಲಿಮೀಟರ್ ಜರುಗ್ತು ಅಂತ ಸ್ಯಾಟಲೈಟ್ ರಾಡಾರ್ ಹೇಳ್ತದೆ ಅಂತಾನೆ ಮಗ. ಅದನ್ನ ನಂಬ್ಕೊಂಡು ಇರಬಹುದಾ?

ಉತ್ತರ: ಮಗ ಹೇಳಿದ್ದು ಸುಳ್ಳಲ್ಲ, ಆದ್ರೆ ಅದೊಂದನ್ನೇ ನಂಬ್ಕೊಂಡು ಇರಬೇಡಿ.

ಯುರೋಪಿನ ರಾಡಾರ್ ಸ್ಯಾಟಲೈಟ್ ಸೆಂಟಿನೆಲ್-1 ಸುಮಾರು 700 ಕಿಲೋಮೀಟರ್ ಮೇಲಿಂದ ರೇಡಿಯೋ ಅಲೆ ಬಿಡ್ತದೆ, ಅದು ನೆಲಕ್ಕೆ ಬಡಿದು ವಾಪಸ್ ಬರ್ತದೆ, 12 ದಿನ ಬಿಟ್ಟು ಅದೇ ಸ್ಯಾಟಲೈಟ್ ಅದೇ ದಾರೀಲಿ ಬಂದಾಗ ಮತ್ತೆ ಹಂಗೇ, ಆ ಎರಡನ್ನೂ ಹೋಲಿಸಿ ನೋಡೋದು. ಅಲೆಯ ಉದ್ದ 5.6 ಸೆಂಟಿಮೀಟರ್. ನೆಲ ಸ್ಯಾಟಲೈಟ್‌ನಿಂದ 2.8 ಸೆಂಟಿಮೀಟರ್ ದೂರ ಸರಿದ್ರೆ ಹೋಗೋಕೆ ಬರೋಕೆ ಸೇರಿ ಒಂದು ಪೂರ್ತಿ ಅಲೆಯ ವ್ಯತ್ಯಾಸ, ಅದರ ಸಣ್ಣ ಪಾಲನ್ನೂ ಅಳೀಬಹುದು, ಅದಕ್ಕೇ ಮಿಲಿಮೀಟರ್ ಲೆಕ್ಕ. ಮೋಡ, ಕತ್ತಲೆ ಯಾವುದೂ ಅಡ್ಡ ಇಲ್ಲ, ನಮ್ಮ ಕಕ್ಕಡದ (ಆಟಿ ತಿಂಗಳ) ಮಳೆಗೆ ಇದು ದೊಡ್ಡ ವಿಷಯವೇ.

ತೊಂದರೆ ಇರೋದು ನಿಮ್ಮ ತೋಟದಲ್ಲೇ! ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಾಫಿ ಗಿಡ, ಈ ಅಲೆ ಎಲೆಗೇ ಬಡಿದು ವಾಪಸ್ ಹೋಗ್ತದೆ, ಆ ಎಲೆಗಳು 12 ದಿನದಲ್ಲಿ ಅಲ್ಲಾಡಿ ಉದುರಿ ಚಿಗುರಿ ಬೇರೇನೇ ಆಗಿರ್ತವೆ, ಹೋಲಿಸಿ ನೋಡೋಕೆ ಏನೂ ಉಳಿಯಲ್ಲ. ರಸ್ತೆ, ಮನೆ ಮಾಡು, ಬಂಡೆ ಆದ್ರೆ ಚೆನ್ನಾಗಿ ಸಿಗ್ತದೆ. ಇಸ್ರೋ-ನಾಸಾ ಸೇರಿ 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿಸಿದ ರಾಡಾರ್ ಸ್ಯಾಟಲೈಟ್ ನಿಸಾರ್‌ನಲ್ಲಿ 24 ಸೆಂಟಿಮೀಟರ್ ಅಲೆ ಉಂಟು, ಅದು ಎಲೆ ದಾಟಿ ಇನ್ನೂ ಒಳಗೆ ಇಳೀತದೆ, ನಂಗೆ ಅದರ ಮೇಲೇ ಆಸೆ. ಆದ್ರೂ ಈ ಸ್ಯಾಟಲೈಟ್‌ಗಳು ಉತ್ತರ-ದಕ್ಷಿಣ ಓಡ್ತಾ ಪಕ್ಕಕ್ಕೆ ನೋಡೋದ್ರಿಂದ, ನಿಮ್ಮ ಬರೆ ಉತ್ತರಕ್ಕೋ ದಕ್ಷಿಣಕ್ಕೋ ಜಾರ್ತಿದ್ರೆ ಅವಕ್ಕೆ ಗೊತ್ತಾಗೋದು ಕಮ್ಮಿ.

ಇನ್ನೊಂದು, ನಿಸಾರ್ ಬರೋದೂ 12 ದಿನಕ್ಕೊಮ್ಮೆಯೇ. ತಿಂಗಳುಗಟ್ಲೆ ಮೆಲ್ಲಗೆ ಜಾರೋ ಗುಡ್ಡಕ್ಕೆ ಅದು ಸಾಕು. 2018ರಲ್ಲಿ ಜೋಡುಪಾಲದಲ್ಲಿ ಬಂದ ಹಾಗೆ ಕೆಸರು, ಮರ, ಕಲ್ಲು ಒಟ್ಟಿಗೆ ನುಗ್ಗಿ ಬರೋದಕ್ಕೆ ಹನ್ನೆರಡು ನಿಮಿಷವೂ ಬೇಡ.

ಈಗ್ಲೇ ಬಿರುಕಿನ ಮೇಲೊಂದು ಕೆಳಗೊಂದು ಗೂಟ ಹೊಡೆದು ಟೇಪಲ್ಲಿ ಅಳೆದು ಬರ್ದಿಡಿ, ಮಳೆಗಾಲಕ್ಕೆ ಮುಂಚೆ ಮಣ್ಣು ತುಂಬ್ಸಿ ಮೇಲೆ ಟಾರ್ಪಾಲ್ ಹಾಕಿ, ನೀರು ಒಳಗೆ ಇಳೀಬಾರ್ದು. ಪಂಚಾಯ್ತಿಗೆ ಬರೆದು ಕೊಡಿ, ಭೂವಿಜ್ಞಾನದವರು ಬಂದು ನೋಡ್ಲಿ. ಜೋರು ಮಳೆಯಲ್ಲಿ ಅಳೆಯೋಕೆ ಮಾತ್ರ ಬರೆ ಹತ್ತಬೇಡಿ. ಕೆಳಗಿನ ಒರತೆ ನೀರು ಕೆಂಪಾದ್ರೆ, ಮರ ವಾಲಿದ್ರೆ, ಲೈನ್ ಮನೆಯ ಕೆಲಸದವರನ್ನೂ ಕರ್ಕೊಂಡು ಕೂಡ್ಲೇ ಹೊರಟುಬಿಡಿ.