ಸಿಗದವರ ಪಾಡೇನು?

ತೀರ್ಥಹಳ್ಳಿಯ ಗೆಳೆಯರೇ,

ಟವರ್ ಸಿಗದ ಕಾಡಲ್ಲಿ ಫೋನಿಂದ ಫೋನಿಗೆ ದಾಟಿಸಿ ಇಡೀ ಗುಂಪಿಗೆ ಸುದ್ದಿ ಮುಟ್ಟಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವಂಥದ್ದೂ ಅಲ್ಲ.

ಮೊದಲ ಪುಟವೆಲ್ಲ ಆಗುಂಬೆ ಮಳೆ, ಮಂಜು, ಜೀರುಂಡೆ. ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಇದನ್ನು ಹೇಳಬೇಕಾ? ತೆಗೆಯಿರಿ. ಒದ್ದೆ ಸೊಪ್ಪು ವೈಫೈ ಅಲೆಗಳನ್ನು ಹೀರುತ್ತದೆ, ಹಾಗಾಗಿ ತೋಟದ ಆಚೆಗಿನ ಫೋನಿಗೆ ಪ್ಯಾಕೆಟ್, ಅಂದರೆ ಸಂದೇಶವನ್ನು ತುಂಡು ಮಾಡಿ ನಂಬರ್ ಹಾಕಿ ಕಳಿಸುವ ಒಂದೊಂದು ಚೂರು, ತಪ್ಪುತ್ತದೆ. ಮಳೆಯ ಬಗ್ಗೆ ಇಷ್ಟು ಸಾಕು.

‘ಹೀಗೆ ಎಲ್ಲರಿಗೂ ತಲುಪುತ್ತದೆ’ ಅಂದಿದ್ದೀರಿ. ತಲುಪಿತು ಅಂತ ಕಳಿಸಿದವರಿಗೆ ಹೇಳಿದ್ದು ಯಾರು? ವೈಫೈಯಲ್ಲಿ ಒಬ್ಬರಿಗೇ ಕಳಿಸಿದರೆ ‘ಬಂತು’ ಅನ್ನುವ ಉತ್ತರ ಬರುತ್ತದೆ, ಬರದಿದ್ದರೆ ಮತ್ತೆ ಕಳಿಸುತ್ತದೆ. ಎಲ್ಲರಿಗೂ ಒಟ್ಟಿಗೆ ಬಿಟ್ಟ ಪ್ಯಾಕೆಟ್ಟಿಗೆ ಆ ಉತ್ತರವೇ ಇಲ್ಲ. ‘ಟಿಸಿಪಿ ನೋಡಿಕೊಳ್ಳುತ್ತದೆ’ ಅನ್ನುವುದೂ ತಪ್ಪು. ಟಿಸಿಪಿ ಅಂದರೆ ಇಂಟರ್ನೆಟ್ಟಿನಲ್ಲಿ ಕಳೆದ ಪ್ಯಾಕೆಟ್ ಮತ್ತೆ ಕಳಿಸುವ ನಿಯಮ, ಆದರೆ ಅದು ಇಬ್ಬರ ನಡುವಿನ ವ್ಯವಹಾರ, ಗುಂಪಿನದ್ದಲ್ಲ.

ಹಾಗಂತ ಎಲ್ಲರೂ ‘ಬಂತು, ಬಂತು’ ಅಂದರೆ ಆ ಉತ್ತರಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಸಿಗದವರು ಮಾತ್ರ ಕೇಳುವ ಪದ್ಧತಿ ಬಂತು, ಅದು ನ್ಯಾಕ್. 6 ಆದಮೇಲೆ 8 ಬಂದರೆ 7 ತಪ್ಪಿತು ಅಂತ ಫೋನಿಗೆ ಗೊತ್ತಾಗುತ್ತದೆ. ಆದರೂ ತಕ್ಷಣ ಕೇಳುವುದಿಲ್ಲ. ಒಂದೊಂದು ಫೋನ್ ಒಂದೊಂದಷ್ಟು ಹೊತ್ತು ಸುಮ್ನೆ ಕಾಯುತ್ತದೆ. ಅಷ್ಟರಲ್ಲಿ ಬೇರೆ ಯಾರೋ 7 ಕೇಳಿದ್ದು ಕಿವಿಗೆ ಬಿದ್ದರೆ ತಾನು ಕೇಳುವುದಿಲ್ಲ. ಊಟದ ಪಂಕ್ತಿಯಲ್ಲಿ ಒಬ್ಬರು ‘ಸಾರು’ ಅಂದರೆ ಸಾಲಿಗೆಲ್ಲ ಸಾರು ಬರುತ್ತದಲ್ಲ, ಹಾಗೆ. ಕೊನೆಯ ಪ್ಯಾಕೆಟ್ಟೇ ಕಳೆದರೆ? ಅದರ ಮುಂದಿನ ನಂಬರ್ ಬರುವುದೇ ಇಲ್ಲ, ಕಳೆದದ್ದೂ ಗೊತ್ತಾಗುವುದಿಲ್ಲ. ‘ನಾನು 10ರವರೆಗೆ ಕಳಿಸಿದ್ದೇನೆ’ ಅಂತ ಕಳಿಸಿದವರೇ ಆಗಾಗ ಹೇಳುತ್ತಿರಬೇಕು. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಹೆಚ್ಚುವರಿ ಪ್ಯಾಕೆಟ್ಟಿನ ಪ್ಯಾರಾ ಮುಟ್ಟಬೇಡಿ, ಅದೊಂದು ಸೊಗಸಾಗಿದೆ. ರೀಡ್–ಸಾಲೊಮನ್ ಕೋಡ್ ಅನ್ನುವ ಲೆಕ್ಕ ಹಾಕಿ 10 ಪ್ಯಾಕೆಟ್ಟಿಗೆ 3 ಹೆಚ್ಚುವರಿ ಸೇರಿಸಿದರೆ 13ರಲ್ಲಿ ಯಾವ 10 ಸಿಕ್ಕರೂ ಸಂದೇಶ ಪೂರ್ತಿ. ಒಬ್ಬರಿಗೆ 2ನೆಯದು, ಇನ್ನೊಬ್ಬರಿಗೆ 9ನೆಯದು ತಪ್ಪಿದರೂ ಒಂದೇ ಹೆಚ್ಚುವರಿ ಪ್ಯಾಕೆಟ್ ಇಬ್ಬರಿಗೂ ಆಗುತ್ತದೆ. ನ್ಯಾಕ್ ಮತ್ತು ಇದು ಎರಡನ್ನೂ ಸೇರಿಸಿದ್ದು ನಾರ್ಮ್ ಪ್ರೊಟೊಕಾಲ್ ಅನ್ನುವ ನಿಯಮ, ಅದರ 2009ರ ದಾಖಲೆ ಆರ್‌ಎಫ್‌ಸಿ 5740. ತಿದ್ದುವ ಮುಂಚೆ ಓದಿಬಿಡಿ.

ನಡುವೆ ದಾಟಿಸುತ್ತಿದ್ದವರು ಗುಡ್ಡ ಇಳಿದು ಹೋದರೆ ಆಚೆಯವರ ಗತಿ ಏನು? ಇದರ ಬಗ್ಗೆ ಒಂದು ಮಾತೂ ಇಲ್ಲ. ಒಂದು ಪ್ಯಾರಾ ಬರೆಯಿರಿ.

700 ಪದ ಸಾಕು. ಅವಸರ ಏನಿಲ್ಲ, ಈಗ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಹೊತ್ತು ಅಲ್ವಾ. ದಸರಾ ಒಳಗೆ ಕಳಿಸಿ.

ಇಂತಿ,
ಸಂಪಾದಕ