ಒತ್ತಕ್ಷರ ಬಾರದ ಮಕ್ಕಳಿಗೆ ಕೀಲಿಮಣೆ ಏಕೆ?

ಮಾನ್ಯ ಶಿಕ್ಷಕರೇ,

ಐದನೇ ತರಗತಿಯಲ್ಲಿ ಒತ್ತಕ್ಷರ ಬಂದ ಕೂಡಲೇ ಓದು ನಿಲ್ಲಿಸುವ ಮಕ್ಕಳಿದ್ದಾರೆ, ಅವರನ್ನು ವಾರಕ್ಕೆ ಎರಡು ಪೀರಿಯಡ್ ಕಂಪ್ಯೂಟರ್ ಮುಂದೆ ಕೂರಿಸಿ ಏನು ಪ್ರಯೋಜನ ಎಂದು ಕೇಳಿದ್ದೀರಿ. ಮಕ್ಕಳು 32, ನಡೆಯುವ ಕಂಪ್ಯೂಟರ್ ನಾಲ್ಕೇ ಎಂದೂ ಬರೆದಿದ್ದೀರಿ. ಚಿತ್ರಕ್ಕೆ ಬಣ್ಣ ತುಂಬಿಸುವುದರಲ್ಲಿ, ಕಂಪ್ಯೂಟರಿನ ಭಾಗಗಳ ಹೆಸರು ಬಾಯಿಪಾಠ ಮಾಡಿಸುವುದರಲ್ಲಿ ಆ ಹೊತ್ತು ಕಳೆಯುವುದಾದರೆ ಅದನ್ನು ಓದಿಗೇ ಕೊಡಿ. ಆದರೆ ನಿಮ್ಮ ಮಕ್ಕಳು ಎಡವುತ್ತಿರುವ ಒತ್ತಕ್ಷರವನ್ನೇ ಕಲಿಸಲು ಕೀಲಿಮಣೆಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ.

ಭಾರತೀಯ ಭಾಷೆಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಸ್ವರಗಳು ಎಡಗೈ ಕಡೆ, ಹೆಚ್ಚಿನ ವ್ಯಂಜನಗಳು ಬಲಗೈ ಕಡೆ. ‘ಅಕ್ಕ’ ಮೂಡಿಸಲು ಅ, ಕ, ಹಲಂತ, ಮತ್ತೆ ಕ ಒತ್ತಬೇಕು. ಹಲಂತವೆಂದರೆ ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆ (್), ಅದು ಇರುವುದು ಇಂಗ್ಲಿಷ್‌ನ ‘ಡಿ’ ಕೀಲಿಯಲ್ಲಿ. ‘ಕ್ಕ’ವನ್ನು ಒಂದೇ ಚಿತ್ರವೆಂದು ನೆನಪಿಟ್ಟುಕೊಂಡ ಮಗುವಿಗೆ ಅದರೊಳಗೆ ಎರಡು ಕ ಇರುವುದು ಆಗ ಬೆರಳಿಗೇ ತಿಳಿಯುತ್ತದೆ.

ಅರ್ಕಾವೊತ್ತಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಕೀಲಿಮಣೆಯಲ್ಲಿ ಉಚ್ಚಾರಣೆಯ ಕ್ರಮವೇ ನಡೆಯಬೇಕು: ರ, ಹಲಂತ, ಯ. ಆಕಾರ ನೋಡಿ ನಕಲು ಮಾಡುವ ಮಗು ಯ ಮೊದಲು ಒತ್ತುತ್ತದೆ, ಪರದೆಯಲ್ಲಿ ‘ಸೂಯ್ರ’ ಮೂಡುತ್ತದೆ. ನೀವು ತಿದ್ದಲು ಹೋಗಬೇಡಿ. ಮೂಡಿದ್ದನ್ನೇ ಗಟ್ಟಿಯಾಗಿ ಓದಿಸಿ, ತಪ್ಪು ಅದರ ಕಿವಿಗೇ ಬೀಳುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ‘ಮಂಗ’ದ ಸೊನ್ನೆಗೆ ಕನ್ನಡ ಅಂಕಿಯ ೦ ಒತ್ತಿದರೂ ಪದ ಸರಿಯಿದ್ದಂತೆಯೇ ಕಾಣುತ್ತದೆ, ಆದರೆ ಕಂಪ್ಯೂಟರಿನಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ಅನುಸ್ವಾರ ‘ಎಕ್ಸ್’ ಕೀಲಿಯಲ್ಲಿದೆ ಎಂದು ಮೊದಲ ದಿನವೇ ತೋರಿಸಿ.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕನ್ನಡದ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ವಿನ್ಯಾಸ ಈ ಮಕ್ಕಳಿಗೆ ಬೇಡ, ಅದರಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಕಾಗುಣಿತ ಬೇಕಾಗುತ್ತದೆ. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದ ಚೀಟಿ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪು ಹಾಕಿ. ಇಲ್ಲವಾದರೆ ವಾರದಲ್ಲೇ ಅಳಿಸಿಹೋಗುತ್ತದೆ. ಮೊಬೈಲಿನಲ್ಲಿ ಅಭ್ಯಾಸ ಮಾಡಿಸುವಿರಾದರೆ ಪದ ಸೂಚಿಸುವ ಪಟ್ಟಿಯನ್ನು ಆಫ್ ಮಾಡಿ. ಅದು ಇದ್ದರೆ ಮಗು ಎರಡು ಅಕ್ಷರ ಒತ್ತಿ ಉಳಿದದ್ದನ್ನು ಆರಿಸಿಕೊಳ್ಳುತ್ತದೆ, ಕಾಗುಣಿತ ಕಲಿಯುವುದೇ ಇಲ್ಲ.

40 ನಿಮಿಷದ ಪೀರಿಯಡ್‌ನಲ್ಲಿ 16 ಮಕ್ಕಳು ಕಂಪ್ಯೂಟರಿಗೆ, ಉಳಿದ 16 ಮಕ್ಕಳು ಸ್ಲೇಟು ಹಿಡಿದು ಉಕ್ತಲೇಖನಕ್ಕೆ. ಎರಡೂ ಕಡೆ ಅದೇ ಹತ್ತು ಪದ. 20 ನಿಮಿಷಕ್ಕೆ ಅದಲುಬದಲು. ಒಂದು ಕಂಪ್ಯೂಟರಿಗೆ ನಾಲ್ವರು: ಒಬ್ಬರು ಪದ ಬಿಡಿಸಿ ಹೇಳಲಿ, ಒಬ್ಬರು ಒತ್ತಲಿ, ಒಬ್ಬರು ಪುಸ್ತಕದೊಂದಿಗೆ ಹೋಲಿಸಲಿ, ಮತ್ತೊಬ್ಬರು ತಪ್ಪಿದ ಪದ ಬರೆದುಕೊಳ್ಳಲಿ. ಐದು ನಿಮಿಷಕ್ಕೊಮ್ಮೆ ಸರದಿ ಬದಲಾಗಲಿ. ಚುರುಕಾದ ಮಗು ಕೀಲಿಮಣೆ ಎಳೆದುಕೊಳ್ಳುತ್ತದೆ. ಸರದಿಯವರ ಬೆರಳು ಬಿಟ್ಟು ಬೇರೆ ಬೆರಳು ತಾಗಬಾರದು ಎಂಬ ನಿಯಮದಲ್ಲಿ ಸಡಿಲ ಬೇಡ. ಕರೆಂಟು ಹೋದರೆ ಎಲ್ಲರೂ ಸ್ಲೇಟಿಗೆ.

ತಿಂಗಳಿಗೊಮ್ಮೆ ಮೊಬೈಲ್ ಸಂದೇಶವನ್ನೇ ಪಾಠವಾಗಿಸಿ. ‘ನಿಮಗೆ 2,000 ರೂಪಾಯಿ ಬಂದಿದೆ, ಪಡೆಯಲು ಪಿನ್ ಒತ್ತಿ’ ಎಂದು ಹಲಗೆಯ ಮೇಲೆ ಬರೆದು ಓದಿಸಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ ಎಂಬುದನ್ನು, ವಂಚನೆಯಾದರೆ ಕೂಡಲೇ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಯಲ್ಲಿ ಓದಿ ಹೇಳಲಿ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಫೋನಿಗೆ ಬಂದದ್ದನ್ನು ಓದುವುದು ಈ ಮಕ್ಕಳೇ.

ಪ್ರಯೋಜನವಿದ್ದರೆ ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿಗಳಿಗೂ ಇದನ್ನು ಹಬ್ಬಿಸಲೇ ಎಂದೂ ಕೇಳಿದ್ದೀರಿ. ಈಗಲೇ ಬೇಡ. ಅಕ್ಷರದ ತಿರುವು ಮೊದಲು ಕೈಗೆ ಕೂರಬೇಕು. ನಾಲ್ಕನೇ ತರಗತಿಯಿಂದ ಶುರುಮಾಡಿ.

— ಸಂಪಾದಕರು