ಮನೆಯಲ್ಲಿರುವ ಅಜ್ಜನ ತೈಲಚಿತ್ರವನ್ನು ಮುಂಬೈನ ಪ್ರದರ್ಶನಕ್ಕೆ ಎರವಲು ಕೊಡುವಾಗ ಏನೇನು ನೋಡಿಕೊಳ್ಳಬೇಕು?

ಮುಂಬೈನೊಳಗೇ, ಮಾಟುಂಗಾದಿಂದ ಕಾಳಾ ಘೋಡಾಕ್ಕೆ ತಾನೇ, ಟ್ಯಾಕ್ಸಿಯಲ್ಲಿ ಕಳಿಸಿದರಾಯಿತು ಅಂತ ಕೇಳಿದ್ದೀರಿ. ಬೇಡ. ಮೊದಲು ಎರವಲು ಕರಾರು ಬರೆಸಿಕೊಳ್ಳಿ. ಯಾವಾಗ ಒಯ್ಯುತ್ತಾರೆ, ಯಾವಾಗ ತಂದುಕೊಡುತ್ತಾರೆ, ಸಾಗಣೆ ಖರ್ಚು ಯಾರದು, ಎಲ್ಲವೂ ಅದರಲ್ಲಿರಲಿ. ಸಾಮಾನ್ಯವಾಗಿ ಖರ್ಚು, ವಿಮೆ ಎರಡೂ ಪ್ರದರ್ಶನ ನಡೆಸುವವರದೇ.

ವಿಮೆ ಗ್ಯಾಲರಿಯೊಳಗೆ ಇರುವಷ್ಟು ದಿನಕ್ಕೆ ಮಾತ್ರ ಸಾಲದು. ನಿಮ್ಮ ಗೋಡೆಯ ಮೊಳೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅದೇ ಮೊಳೆಗೆ ತೂಗುಹಾಕುವವರೆಗೂ ಇರಬೇಕು. ಬೆಲೆ ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ, ಮೌಲ್ಯ ಕಟ್ಟುವವರನ್ನು ಕರೆಸಿ.

ಕೊಡುವ ದಿನ ಚಿತ್ರದ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಹಾಕಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ನೇರ ಬೆಳಕಲ್ಲಿ ಕಾಣದ ಬಿರುಕು, ಎದ್ದ ಬಣ್ಣ ಆಗ ಎದ್ದು ಕಾಣುತ್ತದೆ. ಹಿಂಬದಿಯ ಫೋಟೋವೂ ಬೇಕು. ನಮ್ಮ ಮನೆಯ ಚಿತ್ರಕ್ಕೆ ಯಾರೋ ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿದ್ದರು. ಜುಲೈ ತಿಂಗಳ ಸೆಕೆಗೆ ಅಜ್ಜಿಯ ಕೆನ್ನೆ ತುಂಬಾ ಗುಂಡುಗುಂಡು ಗುರುತು! ಬಣ್ಣಕ್ಕೆ ತಾಗುವಂತೆ ಆಮ್ಲರಹಿತ ನುಣುಪು ಕಾಗದ, ಅದರ ಮೇಲೆ ಬೇರೆಲ್ಲ. ಮಳೆಗಾಲ ತಪ್ಪಿಸಿದರೆ ಇನ್ನೂ ಒಳ್ಳೆಯದು.

ಬೆಳಕಿನ ಬಗ್ಗೆಯೂ ಕೇಳಿ. ತೈಲಚಿತ್ರಕ್ಕೆ ಸುಮಾರು 200 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಸಾಕು, ಜಲವರ್ಣವಾದರೆ 50.

ಕ್ಯಾಟಲಾಗಿನಲ್ಲಿ ಅಚ್ಚುಹಾಕಲು ಬೇರೆ ಅನುಮತಿ ಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದ್ದು. ಹಾಗಾಗಿ ಅಜ್ಜನ ಹಳೆಯ ರಸೀದಿ ಸಿಕ್ಕರೆ ಎತ್ತಿಡಿ. ಹೆಸರು ಹಾಕುವುದು ಬೇಡವಾದರೆ ‘ಖಾಸಗಿ ಸಂಗ್ರಹ’ ಅಂತ ಬರೆಯಲು ಹೇಳಿ.